ಹಾಯಿದೋಣಿಯ ಒಂದು ವಾರ ಯಾರ ಪಾಲಿಗೆ?



ಹತ್ತು ಹನ್ನೆರಡು ಹಾಯಿದೋಣಿಗಳ ತಂಡ ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಒಂದು ವಾರ ತೇಲುತ್ತ ಹೋಗುವ ವಿಹಾರವೊಂದುಂಟು. ಮುರುಮದ ನಮ್ಮಂಥ ದುಡಿಯುವ ಜನರ ಪತ್ರಿಕೆಯಲ್ಲಿ ಅದರ ಮಾತೇಕೆ ಎಂದು ನೀವು ಕೇಳಬಹುದು. ನಮಗೆ ತೀರ ಹತ್ತಿರದ ಕಡಲೆಂದರೆ ಕೊಂಕಣದ ಕಡಲು. ಅದೂ ನಾಲ್ಕುನೂರು ಕಿಲೋಮೀಟರಿನಾಚೆ. ಪಕ್ಕದ ಲಾತೂರು 2016ರಲ್ಲಿ ಮೀರಜದಿಂದ ರೈಲಿನಲ್ಲಿ ನೀರು ತರಿಸಿಕೊಂಡು ಕುಡಿದ ಊರು. ಇಂಥ ಸೀಮೆಯವರಿಗೆ ಹಾಯಿ, ಲಂಗರು, ದ್ವೀಪ ಎಂಬ ಮಾತುಗಳು ಕಥೆಯಂತೆ ಕೇಳಿಸಿದರೆ ತಪ್ಪಿಲ್ಲ. ಆದರೂ ಈ ಸಂಗತಿಯಲ್ಲಿ ನಮ್ಮ ಪಾಲಿನ ಒಂದು ದೊಡ್ಡ ವ್ಯಾಜ್ಯ ಅಡಗಿದೆ. ಆದ್ದರಿಂದ ಬರೆಯುತ್ತಿದ್ದೇವೆ.

ಮೊದಲು ಆ ವಿಹಾರ ಹೇಗೆ ನಡೆಯುತ್ತದೆಂಬುದನ್ನು ತಿಳಿಯೋಣ. 1970ರ ದಶಕದಲ್ಲಿ ಇಂಗ್ಲೆಂಡಿನವರು ಗ್ರೀಸ್ ದೇಶದ ದ್ವೀಪಗಳಲ್ಲಿ ಇದನ್ನು ವ್ಯಾಪಾರವಾಗಿ ಬೆಳೆಸಿದರು. ಒಂದೊಂದು ದೋಣಿಯಲ್ಲಿ ಒಂದು ಸಂಸಾರವೋ ನಾಲ್ಕೈದು ಮಂದಿ ಗೆಳೆಯರೋ ಇರುತ್ತಾರೆ. ದೋಣಿ ನಡೆಸುವವರು ಅವರೇ. ಎಲ್ಲಕ್ಕೂ ಮುಂದೆ ಕಂಪನಿಯ ದೋಣಿಯೊಂದು. ಅದರಲ್ಲಿ ದಾರಿ ಬಲ್ಲ ತಾಂಡೇಲ, ಇಂಜಿನ್ ರಿಪೇರಿ ಮಾಡುವವನು, ಅತಿಥಿಗಳ ಬೇಕುಬೇಡ ನೋಡುವವಳು. ಬೆಳಿಗ್ಗೆ ನಕ್ಷೆ ಹರಡಿ ಗಾಳಿ ಎತ್ತಣದ್ದು, ಬಂಡೆ ಎಲ್ಲಿ, ಸಂಜೆ ತಂಗುವುದೆಲ್ಲಿ ಎಂದು ಹೇಳಿಕೊಡುತ್ತಾರೆ. ಹಗಲೆಲ್ಲ ತಮಗೆ ಬೇಕಾದಂತೆ ತೇಲಿ, ಸಂಜೆ ಎಲ್ಲರೂ ಒಂದೇ ಕಡೆ ಲಂಗರು ಹಾಕಿ ಒಟ್ಟಿಗೆ ಊಟ ಮಾಡುತ್ತಾರೆ. ಹೊಸಬರಿಗೆ ಭಯವಿಲ್ಲ, ಹಳಬರಿಗೆ ಬಂಧನವಿಲ್ಲ. ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಇದು ಒಳ್ಳೆಯ ಏರ್ಪಾಡು, ಮನುಷ್ಯನಿಗೆ ತಕ್ಕ ಸುಖ. ಮುಂದಿನ ದೋಣಿಯ ಆ ಮೂವರಿಗೆ ಮಾತ್ರ ಅದು ರಜೆಯ ವಾರವಲ್ಲ, ದುಡಿಮೆಯ ವಾರ.

ನಮ್ಮ ಕನ್ನಡ ಕರಾವಳಿಯಲ್ಲಿ ಇಂಥ ಯಾತ್ರೆಗೆ ಬೇಕಾದ ದ್ವೀಪಗಳಿಗೇನೂ ಕೊರತೆಯಿಲ್ಲ. ಮಲ್ಪೆಯ ಎದುರಿಗೆ ಸೇಂಟ್ ಮೇರಿಸ್ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿಳಿದು ಮಾತೆ ಮರಿಯಳ ಹೆಸರಿಟ್ಟನೆಂಬ ಪ್ರತೀತಿ. ಅಲ್ಲಿಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾರಸ ಆರಿ ಸೀಳಿ ನಿಂತವು. (ನಮ್ಮ ಉಮರ್ಗಾದ ಹೊಲಗಳ ಅಡಿಯ ಕರಿಕಲ್ಲೂ ಲಾವಾರಸವೇ, ಆದರೆ ಸುಮಾರು ಎರಡು ಕೋಟಿ ವರ್ಷ ಕಿರಿಯದು. ಆ ಕಲ್ಲು ನೋಡಲು ಜನ ದೋಣಿ ಹತ್ತುತ್ತಾರೆ, ಈ ಕಲ್ಲು ಒಡೆಯಲು ನಾವು ಸುತ್ತಿಗೆ ಹಿಡಿಯುತ್ತೇವೆ.) ಉತ್ತರಕ್ಕೆ ನಡೆದರೆ ಮುರ್ಡೇಶ್ವರದ ಎದುರಿಗೆ ನೇತ್ರಾಣಿ, ಹೊನ್ನಾವರದ ಎದುರಿಗೆ ಬಸವರಾಜದುರ್ಗ, ಕಾರವಾರದ ಬಳಿ ಕೂರ್ಮಗಡ, ದೇವಗಡ. ಅಂಜದೀವ ಗೋವೆಗೆ ಸೇರಿದ್ದು. ಅದು ನೌಕಾದಳದ ಕೈಯಲ್ಲಿದೆ. ಬೈಂದೂರಿನಲ್ಲಿ ವಿಹಾರ ದೋಣಿಗಳಿಗಾಗಿ ಮರೀನಾ ಕಟ್ಟುವ ಮಾತನ್ನು 2022ರಲ್ಲಿ ಕರ್ನಾಟಕ ಸರಕಾರವೇ ಆಡಿತು. ಅಂದಮೇಲೆ ಇದು ದೂರದ ಗ್ರೀಸಿನ ಮಾತಾಗಿ ಉಳಿದಿಲ್ಲ.

ನಮ್ಮವರಲ್ಲೇ ಕೆಲವು ಹಿರಿಯರು ಈ ಮಾತು ಕೇಳಿದೊಡನೆ ತಲೆಯಾಡಿಸುತ್ತಾರೆ. ತೇಲುವುದು, ತಿನ್ನುವುದು, ಮಲಗುವುದು ಸೋಮಾರಿಗಳ ಲಕ್ಷಣ; ಬಡವನಿಗೆ ಭಾನುವಾರದ ಆರಾಧನೆಯೇ ಸಾಕು, ಅವನಿಗೇಕೆ ಕಡಲ ವಿಹಾರ ಎನ್ನುತ್ತಾರೆ. ಅವರ ಮೇಲೆ ನಮಗೆ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾರೆವು. ಸಬ್ಬತ್ ದಿನದ ಆಜ್ಞೆಯನ್ನು ಧರ್ಮೋಪದೇಶಕಾಂಡದಲ್ಲಿ ಮತ್ತೊಮ್ಮೆ ಓದಿ ನೋಡಲಿ. ಯಜಮಾನನೊಬ್ಬನಿಗೇ ಅಲ್ಲ, ದಾಸನಿಗೂ ದಾಸಿಗೂ ಪರದೇಶಿಗೂ ಎತ್ತಿಗೂ ಕತ್ತೆಗೂ ವಿಶ್ರಾಂತಿ ಸಿಗಬೇಕೆಂದು ಅಲ್ಲಿ ಹೆಸರು ಹೆಸರಾಗಿ ಹೇಳಿದೆ. ಕಾರಣವನ್ನೂ ಹೇಳಿದೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ. ಊಟಕ್ಕೂ ಬಿಡುವಿಲ್ಲದಷ್ಟು ಜನ ಮುತ್ತಿದಾಗ ಕರ್ತನು ಶಿಷ್ಯರನ್ನು ದಣಿವಾರಿಸಿಕೊಳ್ಳಲು ಕರೆದೊಯ್ದದ್ದು ದೋಣಿಯಲ್ಲೇ. ಬಡವನ ವಿಶ್ರಾಂತಿಯನ್ನು ಸೋಮಾರಿತನವೆಂದೂ ಧಣಿಯ ವಿಶ್ರಾಂತಿಯನ್ನು ಆರೋಗ್ಯವೆಂದೂ ಕರೆಯುವ ಅಭ್ಯಾಸ ಸತ್ಯವೇದದಿಂದ ಬಂದದ್ದಲ್ಲ, ಗೌಡರ ಕಟ್ಟೆಯಿಂದ ಬಂದದ್ದು.

ಲೋಕದಲ್ಲಿ ಕೂಲಿಕಾರನು ಕಡಲ ದಂಡೆಗೆ ಹೋಗಿ ಕುಳಿತದ್ದು ಧಣಿಗಳ ದಯೆಯಿಂದಲ್ಲ. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿ ಗೆದ್ದದ್ದರಲ್ಲಿ ಸಂಬಳ ಸಹಿತ ಎರಡು ವಾರದ ರಜೆಯೂ ಒಂದು. ಆ ವರ್ಷ ಎಷ್ಟೋ ಮಂದಿ ಜೀವಮಾನದಲ್ಲಿ ಮೊದಲ ಬಾರಿಗೆ ಸಮುದ್ರ ಕಂಡರು. ಇಂಗ್ಲೆಂಡಿನಲ್ಲಿ 1938ರಲ್ಲಿ ಸಂಬಳದ ರಜೆಗೆ ಕಾಯ್ದೆಯಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1936ರಲ್ಲೇ ವರ್ಷಕ್ಕೆ ಕನಿಷ್ಠ ಆರು ಕೆಲಸದ ದಿನಗಳ ರಜೆ ಎಂದಿತು, 1970ರಲ್ಲಿ ಅದನ್ನು ಮೂರು ವಾರಕ್ಕೇರಿಸಿತು. ವಾರಕ್ಕೊಂದು ದಿನದ ಬಿಡುವಿನ ಒಡಂಬಡಿಕೆಯನ್ನು ಭಾರತ 1923ರಲ್ಲೇ ಒಪ್ಪಿತ್ತು. ಅಂದರೆ ಒಂದು ವಾರದ ವಿಹಾರವೆಂಬುದು ಗಾಳಿಯಿಂದ ಹುಟ್ಟಿದ್ದಲ್ಲ. ಅದರ ಕೆಳಗೆ ಸಂಬಳದ ರಜೆ ಎಂಬ ತಳಪಾಯವಿದೆ, ಆ ತಳಪಾಯ ಹಾಕಿದವರು ನಮ್ಮಂಥವರು.

ಈಗ ನಮ್ಮ ಊರಿಗೆ ಬರೋಣ. ಅರಬ್ಬೀ ಸಮುದ್ರದಲ್ಲಿ ಹಾಯಿ ಬಿಚ್ಚಲು ತಕ್ಕ ಕಾಲ ಯಾವುದು? ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಯೂ ನಿಲ್ಲುತ್ತದೆ. ಕಡಲು ತಣ್ಣಗಾಗಿ ಗಾಳಿ ಹದವಾಗುವುದು ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ತನಕ. ಅದೇ ದೀಪಾವಳಿಯ ಹೊತ್ತಿಗೆ ನಮ್ಮ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಿಂದ ಟ್ರ್ಯಾಕ್ಟರುಗಳು ಹೊರಡುತ್ತವೆ. ಗಂಡ, ಹೆಂಡತಿ, ಮಕ್ಕಳು, ಪಾತ್ರೆ, ಮೇಕೆ, ಕೊಯ್ತಾ ಎಲ್ಲವೂ ಅದರಲ್ಲೇ. ಕೊಲ್ಹಾಪುರ, ಸಾಂಗಲಿ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳ ಸುಗ್ಗಿ ಮುಗಿದು ಅವರು ಮರಳುವ ಹೊತ್ತಿಗೆ ಕಡಲ ಹಂಗಾಮೂ ಮುಗಿಯುತ್ತ ಬಂದಿರುತ್ತದೆ. ಮುಕಾದಮನಿಂದ ಉಚಲ್ ಪಡೆದ ಜೋಡಿ ಒಂದು ದಿನ ಏಳದಿದ್ದರೆ ಖಾಡಾ ಬೀಳುತ್ತದೆ. ಜ್ವರ ಬಂದರೂ ಖಾಡಾ, ಕೂಸು ಹುಟ್ಟಿದರೂ ಖಾಡಾ. ರಜೆಗೆ ಸಂಬಳ ಕೊಡುವುದು ಹಾಗಿರಲಿ, ರಜೆಗೆ ದಂಡ ವಸೂಲು ಮಾಡುವ ಧಂದೆ ಇದು. ಗ್ರೀಸಿನ ಹಂಗಾಮಿನಲ್ಲಿ ಒಂದು ದೋಣಿಗೆ ಒಂದು ವಾರದ ಬಾಡಿಗೆಯೆಂದು ಕೊಡುವ ಹಣ ನಮ್ಮ ಒಂದು ಜೋಡಿ ಇಡೀ ಸುಗ್ಗಿಗೆ ಪಡೆಯುವ ಉಚಲ್‌ಗೆ ಸಮ, ಎಷ್ಟೋ ಸಲ ಹೆಚ್ಚು.

ಎಳ್ಳಮಾವಾಸ್ಯೆಯನ್ನು ನೆನೆಯಿರಿ. ಆ ದಿನ ಲಾತೂರು, ಉದಗೀರ, ಉಮರ್ಗಾದ ಪೇಟೆಗಳು ಬಿಕೋ ಎನ್ನುತ್ತವೆ. ಇದ್ದವನೂ ಇಲ್ಲದವನೂ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆಯ ಕಡುಬು, ಅಂಬಲಿ ಉಂಡು ಜೋಳದ ನಡುವೆ ಹಗಲು ಕಳೆಯುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ; ಜಾತಿ ಮತ ನೋಡದೆ ನಮ್ಮವರೂ ಹೋಗಿ ಉಣ್ಣುತ್ತಾರೆ. ಈ ಸೀಮೆಯ ಜನ ತಾವೇ ಕಟ್ಟಿಕೊಂಡ ರಜೆಯಿದು, ಯಾವ ಕಂಪನಿಯೂ ಮಾರಿದ್ದಲ್ಲ. ಆದರೆ ಅದು ಬೀಳುವುದು ಡಿಸೆಂಬರ್ ಜನವರಿಯಲ್ಲಿ. ಕಬ್ಬಿಗೆ ಹೋದವರು ಅಂದು ಪರರ ಗದ್ದೆಯಲ್ಲಿ ಬಾಗಿ ನಿಂತಿರುತ್ತಾರೆ. ಕಾರಹುಣ್ಣಿಮೆಗೋ ಪೋಳಾ ಅಮಾವಾಸ್ಯೆಗೋ ಎತ್ತಿಗೊಂದು ದಿನ ನೊಗ ಇಳಿಸುತ್ತೇವೆ. ಮನುಷ್ಯನ ಹೆಗಲಿಗೆ ಆ ಒಂದು ದಿನವೂ ಇಲ್ಲ.

ಬಿಡುವಿಲ್ಲದ ದುಡಿಮೆ ಮೈಯನ್ನು ಏನು ಮಾಡುತ್ತದೆಂಬುದಕ್ಕೆ ಸಾಕ್ಷಿ ಬೇಕೆ? 2019ರಲ್ಲಿ ಮಹಾರಾಷ್ಟ್ರ ಸರಕಾರ ನೀಲಂ ಗೋರ್ಹೆ ಅವರ ಸಮಿತಿಯ ಮೂಲಕ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82 ಸಾವಿರ ಹೆಣ್ಣುಮಕ್ಕಳ ವಿಚಾರಣೆ ನಡೆಸಿತು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶವನ್ನು ಶಸ್ತ್ರಕ್ರಿಯೆಯಿಂದ ತೆಗೆದಿತ್ತು. ತಿಂಗಳ ಮುಟ್ಟಿನ ಎರಡು ದಿನವನ್ನೂ ಖಾಡಾ ಎಂದೆಣಿಸುವ ಧಂದೆಯಲ್ಲಿ ಹೆಣ್ಣು ತನ್ನ ಒಡಲನ್ನೇ ಕೊಯ್ಯಿಸಿಕೊಂಡು ಕೆಲಸಕ್ಕೆ ನಿಂತಳು. ಇದನ್ನು ಓದಿದ ಮೇಲೂ ವಿಶ್ರಾಂತಿಯ ಮಾತು ಶೋಕಿಯ ಮಾತೆನ್ನುವವರೊಂದಿಗೆ ನಾವು ವಾದಿಸಲಾರೆವು.

ಕರಾವಳಿಯ ಬಂಧುಗಳ ಸಂಗತಿಯೂ ಬೇರೆಯಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಾರವಾರ ಅಂಕೋಲೆಗಳ ಸಾವಿರಾರು ಸಂಸಾರಗಳು ಮನೆ ಬಿಟ್ಟವು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಮೀನು ಒಣಗಿಸುವ ಉಸುಕಿನ ಮೇಲೆ ಖಾಸಗಿ ಬಂದರಿನ ರಸ್ತೆ ಬೇಡವೆಂದು ಹೆಂಗಸರು ಪೊಲೀಸರ ಮುಂದೆ ನಿಂತರು. ಅದೇ ಕಾಸರಕೋಡದ ಕಡಲತೀರಕ್ಕೆ 2020ರಲ್ಲಿ ಶುಚಿತ್ವದ ನೀಲಿ ಬಾವುಟವೂ ದೊರೆಯಿತು. ಪ್ರವಾಸಿಗೆ ಬಾವುಟ, ಮೀನುಗಾರ್ತಿಗೆ ಲಾಠಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಕಡೆ ನೀರಡಿಯಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅದೇ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ವರ್ಷಕ್ಕೊಂದು ದಿನ ದ್ವೀಪಕ್ಕೆ ಹೋಗಿಬರುವ ಬಡವರಿಗೆ ಮುಂದಿನ ದೋಣಿಯೂ ಇಲ್ಲ, ಬೆಳಗಿನ ನಕ್ಷೆಯೂ ಇಲ್ಲ, ಮೈಗೊಂದು ತೇಲುಕವಚ ಸಿಕ್ಕರೆ ಅದೇ ಪುಣ್ಯ. ಉಳ್ಳವರ ವಾರಕ್ಕೆ ಮಾಡುವ ಏರ್ಪಾಡಿನಲ್ಲಿ ಒಂದು ಪಾಲನ್ನು ಈ ಜನರ ಒಂದು ದಿನಕ್ಕೆ ಮಾಡಿದ್ದರೆ!

ಕಾರ್ಖಾನೆಯವರ ವಾದ ನಮಗೆ ಗೊತ್ತಿದೆ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ಸಕ್ಕರೆ ಇಳಿಯುತ್ತದೆ, ಗಾಣ ನಿಲ್ಲಿಸಲಾಗದು ಎನ್ನುತ್ತಾರೆ. ನಿಜ. ಗಾಣ ನಿಲ್ಲಿಸಿರೆಂದು ನಾವೂ ಹೇಳುವುದಿಲ್ಲ. ಗಾಣದ ಬಳಿಯ ನೌಕರನಿಗೆ ಪಾಳಿಯ ಮೇಲೆ ವಾರದ ರಜೆ ಕೊಟ್ಟೂ ಗಾಣ ನಡೆಯುತ್ತದೆ. ಹಾಗೆಯೇ ಟೋಳಿಗಳಿಗೂ ಸರದಿಯಂತೆ ಬಿಡುವು ಕೊಡಲಿ.

ಲೆಕ್ಕ ನೋಡಿ. 1948ರ ಕಾರ್ಖಾನೆ ಕಾಯ್ದೆ ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಕೊಟ್ಟಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ 240ನ್ನು 180ಕ್ಕೆ ಇಳಿಸಿತು. ಕಬ್ಬಿನ ಸುಗ್ಗಿಯೋ ಐದು ತಿಂಗಳು, ಹೆಚ್ಚೆಂದರೆ 150 ದಿನ. ಹೊಸ್ತಿಲು ಇಳಿದರೂ ನಮ್ಮವರು ಹೊರಗೇ. ಸಾಲದ್ದಕ್ಕೆ ಅವರು ನಮ್ಮ ಆಳುಗಳೇ ಅಲ್ಲ, ಮುಕಾದಮನ ಆಳುಗಳು ಎಂದು ಕಾರ್ಖಾನೆ ಕೈತೊಳೆದುಕೊಳ್ಳುತ್ತದೆ. ಆದರೆ ಅದೇ ಕಾಯ್ದೆಯ ಅಳತೆಯಿಂದ ಅಳೆದರೆ 150 ದಿನಕ್ಕೆ 20ಕ್ಕೊಂದರಂತೆ ಏಳೂವರೆ ದಿನ. ಹೆಚ್ಚುಕಡಿಮೆ ಒಂದು ವಾರ! ಹಾಯಿದೋಣಿಯ ವಿಹಾರ ಎಷ್ಟು ದಿನದ್ದೋ ಅಷ್ಟೇ.

ಹಣ ಎಲ್ಲಿಂದ ಎನ್ನುವವರಿಗೆ ಉತ್ತರವಿದೆ. ಗೋಪಿನಾಥ ಮುಂಡೆಯವರ ಹೆಸರಿನಲ್ಲಿ ಮಹಾರಾಷ್ಟ್ರ ಸರಕಾರ ಕಬ್ಬು ಕಡಿಯುವ ಕಾರ್ಮಿಕರ ಕಲ್ಯಾಣ ಮಹಾಮಂಡಳ ಸ್ಥಾಪಿಸಿದೆ. ಅರೆಯುವ ಕಬ್ಬಿನ ಮೇಲೆ ಟನ್ನಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ಅದಕ್ಕೆ ಹಣ ಸಲ್ಲಬೇಕೆಂದು ಗೊತ್ತುಮಾಡಿದೆ. ಆ ಹಣದಿಂದ ಪ್ರತಿ ಜೋಡಿಗೆ ಸುಗ್ಗಿಯಲ್ಲಿ ಏಳು ದಿನದ ಕೂಲಿ ರಜೆಯ ಲೆಕ್ಕದಲ್ಲಿ ಕೊಡಲಿ. ಆ ಏಳು ದಿನಕ್ಕೆ ಖಾಡಾ ಬರೆಯುವ ಮುಕಾದಮನ ಮೇಲೆ ಖಟ್ಲೆ ಹಾಕಲಿ. ಬಸುರಿಗೆ, ಬಾಣಂತಿಗೆ, ಮುಟ್ಟಿನ ದಿನಗಳಿಗೆ ಇದು ಬಿಟ್ಟು ಬೇರೆ ಬಿಡುವು ಇರಲಿ. ಆ ವಾರದಲ್ಲಿ ಅವರು ಎಳ್ಳಮಾವಾಸ್ಯೆಗೆ ಊರಿಗೆ ಬರಲಿ, ಸೋಗೆಯ ಗುಡಿಸಲಿನಲ್ಲಿ ಮಲಗಿ ನಿದ್ದೆ ಮಾಡಲಿ, ಮಕ್ಕಳನ್ನು ಕಟ್ಟಿಕೊಂಡು ರತ್ನಾಗಿರಿಗೆ ಹೋಗಿ ಕಡಲು ನೋಡಲಿ. ಏನು ಮಾಡಿದಿರೆಂದು ಕೇಳುವ ಹಕ್ಕು ನಮಗೂ ಇಲ್ಲ, ಮುಕಾದಮನಿಗೂ ಇಲ್ಲ.

ಮುಂದಿನ ಸುಗ್ಗಿಗೆ ಉಚಲ್ ಹಂಚುವುದು ಮಳೆಗಾಲದಲ್ಲೇ ಶುರುವಾಗುತ್ತದೆ. ಒಮ್ಮೆ ಹಣ ಕೈಗೆ ಬಂದ ಮೇಲೆ ಬಾಯಿ ಕಟ್ಟುತ್ತದೆ. ಆದ್ದರಿಂದ ಕರಾರು ಬರೆಯುವ ಮುಂಚೆ ಒಂದೊಂದು ಹಳ್ಳಿಯ ಟೋಳಿಯವರೂ ಒಟ್ಟಾಗಿ ಕುಳಿತು ಈ ಏಳು ದಿನದ ಮಾತನ್ನು ಕರಾರಿನಲ್ಲಿ ಬರೆಸಬೇಕು. ಓದುಬರಹ ಬಲ್ಲ ನಮ್ಮ ತರುಣರು ಮುರುಮ, ಉಮರ್ಗಾ, ನಿಲಂಗಾ, ಉದಗೀರದ ಕಡೆ ಆಯಾ ಊರುಗಳಿಗೆ ಹೋಗಿ ಕರಾರಿನ ಕಾಗದ ಓದಿ ಹೇಳಲಿ, ಮರಾಠಿಯಲ್ಲೂ ಕನ್ನಡದಲ್ಲೂ. ಹೆಬ್ಬೆಟ್ಟು ಒತ್ತುವ ಮುಂಚೆ, ಒತ್ತಿದ ಮೇಲಲ್ಲ.