ಲೋಹದ ಕೆನೆ

ವಿಜ್ಞಾನದ ಹೊಸ ವಿಷಯಗಳು ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಎಟುಕಲಾರವೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಅಂಜಿಕೆಯಿಂದಲೇ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವ ತಂದೆತಾಯಿಗಳೂ ಉಂಟು. ಮಾತು ಎಷ್ಟು ನಿಜವೆಂಬುದನ್ನು ಈಚಿನ ಒಂದು ಸಂಶೋಧನೆಯನ್ನೇ ಒರೆಗಲ್ಲಾಗಿಟ್ಟುಕೊಂಡು ನೋಡೋಣ.

ಕಾಸಿದ ಹಾಲು ಆರಿದಾಗ ಕೆನೆ ಕಟ್ಟುತ್ತದೆ. ವೆಸ್ಟ್ ಮಾಂಬಲಂನ ನಮ್ಮ ನೆರೆಹೊರೆಯ ತಮಿಳರು ಅದನ್ನು ‘ಪಾಲಾಡೈ’, ಎಂದರೆ ಹಾಲಿನ ಬಟ್ಟೆ, ಎನ್ನುತ್ತಾರೆ. ಕರಗಿದ ಲೋಹದ್ದೂ ಇದೇ ರೀತಿ. ಗಾಳಿಯ ಆಮ್ಲಜನಕ ತಗುಲಿದೊಡನೆ ಅದರ ಮೇಲೆ ಆಕ್ಸೈಡಿನ ತೆಳುಪೊರೆ ಮೂಡುತ್ತದೆ. ಗ್ಯಾಲಿಯಂ ಎಂಬ ಲೋಹವಂತೂ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ, ನಮ್ಮ ಮದರಾಸಿನ ಬೇಸಗೆಯಲ್ಲಿ ಅದಕ್ಕೆ ಒಲೆಯೇ ಬೇಡ!

ಈ ಪೊರೆಯನ್ನು ಕಿತ್ತೆಸೆಯುವ ಕಸವೆಂದು ಬಗೆಯದೆ, ವಿಜ್ಞಾನಿಗಳು ಅದನ್ನೇ ಬಯಸಿ ತೆಗೆದರು. ಮೆಲ್ಬೋರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ, ಇಂಡಿಯಂ ಮತ್ತು ತವರಗಳ ಮಿಶ್ರಲೋಹವನ್ನು 200 ಡಿಗ್ರಿಗೆ ಕಾಯಿಸಿ, ಕರಗಿದ ಹನಿಯನ್ನು ಒಂದು ಹಲಗೆಯ ಮೇಲೆ ಉರುಳಿಸಿ, ಅದರ ಕೆನೆಯನ್ನು ಅಚ್ಚೊತ್ತಿದಂತೆ ಅಂಟಿಸಿದರು. ಆ ಹಾಳೆಯ ದಪ್ಪ ಸುಮಾರು 1.5 ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು! ಉದ್ದ ಅಗಲಗಳ ಮುಂದೆ ದಪ್ಪವು ಲೆಕ್ಕಕ್ಕೇ ಬಾರದಿರುವುದರಿಂದ ಇಂಥವನ್ನು ಎರಡು ಆಯಾಮದ ವಸ್ತುಗಳೆನ್ನುತ್ತಾರೆ. ಮುಟ್ಟಿದರೆ ಓಗೊಡುವ ಫೋನಿನ ಪರದೆಗೆ ಬೆಳಕನ್ನೂ ಬಿಡುವ, ವಿದ್ಯುತ್ತನ್ನೂ ಹರಿಸುವ ಲೇಪ ಬೇಕು. ಬಳಕೆಯಲ್ಲಿದ್ದ ಲೇಪ ಬಗ್ಗಿಸಿದರೆ ಬಿರಿಯುತ್ತಿತ್ತು. ಈ ಹಾಳೆ ಬಗ್ಗಿದರೂ ಬಿರಿಯದು.

ಇದರಲ್ಲಿ ಕನ್ನಡಕ್ಕೆ ನಿಲುಕದ್ದು ಯಾವುದು? ಕೆನೆಯನ್ನು ಬಲ್ಲ ಮಗುವಿಗೆ ಆಕ್ಸೈಡಿನ ಪೊರೆ ಅನ್ಯವಲ್ಲ. ಲೋಹಗಳ ಆಕ್ಸೈಡುಗಳ ಸಂಶೋಧನೆಯಲ್ಲಿ ಲೋಕಪ್ರಸಿದ್ಧರಾದ, 2014ರಲ್ಲಿ ಭಾರತರತ್ನ ಪಡೆದ ಸಿ. ಎನ್. ಆರ್. ರಾವ್ ಅವರು ಬೆಂಗಳೂರಿನ ಬಸವನಗುಡಿಯಲ್ಲಿ ಪ್ರೌಢಶಾಲೆಯನ್ನು ಓದಿದ್ದು ಕನ್ನಡ ಮಾಧ್ಯಮದಲ್ಲಿ.

ಮುಂದಿನ ವ್ಯಾಸಂಗ ಇಂಗ್ಲಿಷಿನಲ್ಲಿ ನಡೆಯುವುದು ನಿಜ. ಆದುದರಿಂದ ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಲೇಬೇಕು. ಆದರೆ ಅರ್ಥ ತಿಳಿಯದೆ ಪರಭಾಷೆಯ ಪದಗಳನ್ನು ಉರುಹೊಡೆಯುವುದು ವಿಜ್ಞಾನವೆನಿಸದು. ಅರಿವು ಮೊದಲು ಮನೆಮಾತಿನಲ್ಲಿ ಬೇರೂರಲಿ. ಹೆಸರುಗಳನ್ನು ಅನಂತರ ಕಲಿಯಬಹುದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿಗಳೇ, ಮುಂದಿನ ಸಂಚಿಕೆಗೆ ನೀವು ಒಬ್ಬೊಬ್ಬರೂ ಒಂದೊಂದು ವಿಜ್ಞಾನದ ವಿಷಯವನ್ನು, ನಿಮ್ಮ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಬರೆದು ತನ್ನಿರಿ. ಆಗ ನಿಮ್ಮ ತಂದೆತಾಯಿಗಳ ಅಂಜಿಕೆಗೆ ನೀವೇ ಉತ್ತರ ಹೇಳಿದಂತಾಗುವುದು.