ಫ್ರಾಂಕ್‌ಫರ್ಟ್ ಸಂಸತ್ತು: ಬರೆದ ಹಕ್ಕು, ಇಲ್ಲದ ಸೈನ್ಯ

1848ರ ಮೇ 18ರಂದು ಫ್ರಾಂಕ್‌ಫರ್ಟಿನ ಸಂತ ಪಾಲ್ ಚರ್ಚಿನಲ್ಲಿ ಜರ್ಮನರ ಮೊದಲ ರಾಷ್ಟ್ರೀಯ ಸಂಸತ್ತು ಸೇರಿದಾಗ, ಹತ್ತಾರು ಅರಸೊತ್ತಿಗೆಗಳಲ್ಲಿ ಹಂಚಿಹೋಗಿದ್ದ ನಾಡು ಒಂದಾಗಿಯೇಬಿಟ್ಟಿತು ಎಂಬ ಹುರುಪು ಎಲ್ಲೆಲ್ಲೂ ಇತ್ತು. ಮಾರ್ಚಿನ ದಂಗೆಗಳಿಗೆ ಬೆದರಿದ ದೊರೆಗಳು ಪತ್ರಿಕಾ ಸ್ವಾತಂತ್ರ್ಯ, ಸಂವಿಧಾನ ಎಂದು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರು. ಆದರೆ ಅವರ ಸೈನ್ಯ ಅವರ ಕೈಯಲ್ಲೇ ಉಳಿದಿತ್ತು. ಅಧ್ಯಕ್ಷ ಹೈನ್ರಿಕ್ ಫಾನ್ ಗಾಗರ್ನ್ ಹಾಗೂ ಸಂಗಡಿಗರು ಆ ಬೇಸಿಗೆಯಲ್ಲಿ ಇದನ್ನು ಗಂಭೀರವಾಗಿ ಎಣಿಸಲಿಲ್ಲ.

ಪ್ರೊಫೆಸರುಗಳ ಹರಟೆಯಿಂದ ಸಂಸತ್ತು ಕೆಟ್ಟಿತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ಗೆದ್ದವರು ಹಬ್ಬಿಸಿದ ಮಾತು. ಅಲ್ಲಿ ಹೆಚ್ಚಿದ್ದವರು ನ್ಯಾಯಾಧೀಶರು, ವಕೀಲರು, ಅಧಿಕಾರಿಗಳು. ನಿಜವಾದ ಸೋಲು ಸೆಪ್ಟೆಂಬರಿನಲ್ಲೇ ಆಗಿತ್ತು. ಶ್ಲೆಸ್ವಿಗ್-ಹೋಲ್‌ಸ್ಟೈನ್ ಸೀಮೆಗಳಿಗಾಗಿ ನಡೆದ ಯುದ್ಧದಲ್ಲಿ ಪ್ರಷ್ಯ ತನ್ನಷ್ಟಕ್ಕೆ ಡೆನ್ಮಾರ್ಕಿನೊಡನೆ ಕದನವಿರಾಮ ಮಾಡಿಕೊಂಡಿತು. ಸಂಸತ್ತು ಮೊದಲು ಅದನ್ನು ತಿರಸ್ಕರಿಸಿ, ಕೆಲವೇ ದಿನಗಳಲ್ಲಿ ಒಪ್ಪಿತು. ಇದರಿಂದ ಕೆರಳಿ ಬೀದಿಗಿಳಿದ ಜನರನ್ನು ಅಡಗಿಸಲು ಪ್ರಷ್ಯ, ಆಸ್ಟ್ರಿಯಗಳ ಪಡೆಗಳನ್ನೇ ಕರೆಸಿಕೊಂಡಿತು. ತನ್ನನ್ನು ಆರಿಸಿ ಕಳಿಸಿದವರಿಂದ ಕಾಪಾಡಿ ಎಂದು ದೊರೆಗಳ ಮೊರೆಹೊಕ್ಕ ಮೇಲೆ ಉಳಿದದ್ದೇನು? ನವೆಂಬರಿನಲ್ಲಿ ಅದರ ಸದಸ್ಯ ರಾಬರ್ಟ್ ಬ್ಲೂಮ್‌ರನ್ನು ವಿಯೆನ್ನದಲ್ಲಿ ಗುಂಡಿಟ್ಟು ಕೊಂದರು. ಸದಸ್ಯತ್ವದ ರಕ್ಷಣೆ ಯಾವ ಕೆಲಸಕ್ಕೂ ಬರಲಿಲ್ಲ. ಇನ್ನೊಂದು ಕಳಂಕವನ್ನೂ ಮರೆಯಬಾರದು: ತಮ್ಮ ಸ್ವಾತಂತ್ರ್ಯಕ್ಕಾಗಿ ಸೇರಿದ ಇದೇ ಜನ ಪೋಜ್ನಾನ್ ಪ್ರಾಂತ್ಯದ ಪೋಲಿಷರಿಗೆ ಆ ನ್ಯಾಯವನ್ನು ನಿರಾಕರಿಸಿದ್ದರು.

ಹಾಗಿದ್ದೂ ಡಿಸೆಂಬರಿನಲ್ಲಿ ಬಂದ ಮೂಲಭೂತ ಹಕ್ಕುಗಳು ಸಣ್ಣ ಸಾಧನೆಯಲ್ಲ: ಕಾನೂನಿನ ಮುಂದೆ ಸಮಾನತೆ, ಧರ್ಮ ಯಾವುದಾದರೂ ಸಮಾನ ನಾಗರಿಕತ್ವ, ಸೇನಾ ಕಾನೂನಿನಂಥ ಕೆಲವೇ ಸಂದರ್ಭಗಳ ಹೊರತು ಮರಣದಂಡನೆಯ ರದ್ದು. 1849ರ ಮಾರ್ಚ್ 28ರಂದು ಸಂವಿಧಾನ ಸಿದ್ಧವಾಯಿತು. ಪ್ರಷ್ಯದ ನಾಲ್ಕನೆಯ ಫ್ರೆಡರಿಕ್ ವಿಲಿಯಂನನ್ನು 290 ಮತಗಳಿಂದ ಚಕ್ರವರ್ತಿಯಾಗಿ ಆರಿಸಿದರು; 248 ಮಂದಿ ಮತ ಹಾಕಲಿಲ್ಲ. ಜನ ಕೊಡುವ ಕಿರೀಟ ಆತನಿಗೆ ಬೇಡವಾಗಿತ್ತು. 28 ರಾಜ್ಯಗಳು ಸಂವಿಧಾನವನ್ನು ಒಪ್ಪಿದ್ದವು, ದೊಡ್ಡವು ಒಪ್ಪಲಿಲ್ಲ. ಸಂಸತ್ತಿನ ಅಳಿದುಳಿದ ಸದಸ್ಯರು ಸ್ಟುಟ್‌ಗಾರ್ಟಿಗೆ ಹೋದರು. ಜೂನ್ 18ರಂದು ಸೈನಿಕರು ಅವರನ್ನೂ ಚದುರಿಸಿದರು.

ಕಿರೀಟ ಹೊತ್ತು ಬರ್ಲಿನ್ನಿಗೆ ಹೋಗಿದ್ದ ನಿಯೋಗದ ಮುಖಂಡ ಎಡ್ವರ್ಡ್ ಸಿಮ್ಸನ್, 1870ರ ಡಿಸೆಂಬರಿನಲ್ಲಿ ಅದೇ ಬಿನ್ನಹದೊಂದಿಗೆ ವರ್ಸೈಗೆ ಹೋದರು. ಈ ಬಾರಿ ಪ್ರಷ್ಯದ ಆಗಿನ ದೊರೆ ಒಪ್ಪಿದ. ಅರಸರು ಮೊದಲೇ ಒಪ್ಪಿದ್ದರಲ್ಲ! ನಾಡು ಒಂದಾಯಿತು, ಆದರೆ 1871ರ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವೇ ಇರಲಿಲ್ಲ. ಅದು ದೇಶದ ಸಂವಿಧಾನಕ್ಕೆ ಮರಳಿದ್ದು 1919ರಲ್ಲಿ, ವೈಮಾರ್‌ನಲ್ಲಿ.