ಸಂತೋಷಕ್ಕೂ ಪ್ರಾಕ್ಟಿಕಲ್ ಬೇಕು

ಶ್ರಾವಣದ ಒಂದು ಸಂಜೆ, ಔರಾದ ಕಡೆಯ ಹಳ್ಳಿಯಿಂದ ಬೀದರಿಗೆ ಬಂದು ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗನೊಬ್ಬ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ತನ್ನ ಶಾಲೆಗೇ ಮೊದಲಿಗ. ಇಲ್ಲಿಗೆ ಬಂದ ಮೇಲೆ ‘ಬಲ’ ಹೋಗಿ ‘ಫೋರ್ಸ್’ ಬಂತು, ‘ವೇಗೋತ್ಕರ್ಷ’ ಹೋಗಿ ‘ಆಕ್ಸಲರೇಷನ್’ ಬಂತು. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 40ಕ್ಕೆ 11 ಅಂಕ. ಊಟ ಸೇರುತ್ತದೆಯೇ, ಗೆಳೆಯರ ಜೊತೆ ನಗುತ್ತಾ ಮಾತಾಡುತ್ತೀಯಾ ಎಂದು ಕೇಳಿದೆ. “ಈಗ ಬರೀ ಓದೋದ್ರಿ ಸರ್. ಖುಷಿ ಎಲ್ಲಾ ರಿಸಲ್ಟ್ ಬಂದ ಮ್ಯಾಲ” ಎಂದ.

ಈ ಮಾತನ್ನು ಅವನಿಗೆ ಕಲಿಸಿದವರು ನಾವೇ. ನಾನೂ ಹೊರತಲ್ಲ. ಹಿಂದೆ ಭಾಲ್ಕಿ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದಾಗ, 100ಕ್ಕೆ 96 ತೆಗೆದ ಹುಡುಗಿಯನ್ನು “ಉಳಿದ ನಾಲ್ಕು ಎಲ್ಲಿ ಹೋದವಮ್ಮ?” ಎಂದು ತಮಾಷೆಗೆ ಕೇಳಿದ್ದೆ. ಆಕೆ ಏನೂ ಹೇಳದೆ ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡಳು. ತಮಾಷೆ ಅವಳಿಗೆ ತಮಾಷೆಯಾಗಿರಲಿಲ್ಲ.

ರಿಸಲ್ಟ್ ಬಂದ ಮೇಲಾದರೂ ಖುಷಿ ನಿಲ್ಲುತ್ತದೆಯೇ? ಊದುಬತ್ತಿ ಹಚ್ಚಿದ ಕೋಣೆಗೆ ಹೋದಾಗ ಮೊದಲು ಪರಿಮಳ ಗಮ್ಮೆನ್ನುತ್ತದೆ, ಹತ್ತು ನಿಮಿಷದ ನಂತರ ಗೊತ್ತೇ ಆಗುವುದಿಲ್ಲ. ಊದುಬತ್ತಿ ಉರಿಯುತ್ತಲೇ ಇರುತ್ತದೆ, ಮೂಗು ಒಗ್ಗಿಕೊಂಡಿರುತ್ತದೆ. ಮನಸ್ಸಿಗೂ ಇದೇ ಗುಣವಿದೆ ಎನ್ನುತ್ತಾರೆ ಮನೋವಿಜ್ಞಾನಿಗಳು. ಅಂಕ, ಸೀಟು, ನೌಕರಿ ಸಿಕ್ಕಿದಾಗ ಹಿಗ್ಗುವ ಮನಸ್ಸು ಬೇಗನೆ ಅದಕ್ಕೆ ಒಗ್ಗಿ ಮುಂದಿನ ಕೊರತೆಯನ್ನು ಹುಡುಕುತ್ತದೆ. ಅದಕ್ಕೇ ಸಂತೋಷವನ್ನು ಬಹುಮಾನದಂತೆ ಕಾಯದೆ ವಿದ್ಯೆಯಂತೆ ಕಲಿಯಬಹುದೇ ಎಂಬ ಪ್ರಶ್ನೆಯನ್ನು ಅವರು ಪ್ರಯೋಗಕ್ಕೆ ಹಚ್ಚಿದರು.

ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಅಭ್ಯಾಸ ಬಹಳ ಸರಳ. ಒಂದು ವಾರ ಪ್ರತಿ ರಾತ್ರಿ ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿಗಳನ್ನು ಬರೆಯಬೇಕು; ಪ್ರತಿಯೊಂದಕ್ಕೂ ಕಾರಣ ಬರೆಯಬೇಕು. ವಾರ ಮುಗಿದರೂ ಬಿಡದೆ ತಾವಾಗಿಯೇ ಮುಂದುವರಿಸಿದವರಲ್ಲಿ ಆರು ತಿಂಗಳವರೆಗೂ ಉತ್ಸಾಹ ಹೆಚ್ಚಾಗಿತ್ತು. ನಂತರದ ಪ್ರಯೋಗಗಳಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇಂಥ ಪಾಠ ಆರಂಭವಾದಾಗ ಸುಮಾರು 1,200 ವಿದ್ಯಾರ್ಥಿಗಳು ಸೇರಿದರು. ಅದೇ ವರ್ಷ ದೆಹಲಿಯ ಸರಕಾರಿ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ‘ಹ್ಯಾಪಿನೆಸ್’ ಎಂಬ ಪಾಠಾವಧಿಯೇ ಬಂತು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಫಲಿತಾಂಶ. ಪಾಠ ಕೇಳಿದವರೆಲ್ಲರ ಮನಸ್ಸೂ ಆಗ ಹಗುರವಾಗಿತ್ತು. ಒಂದೆರಡು ವರ್ಷದ ನಂತರ ನೋಡಿದರೆ, ಅಭ್ಯಾಸ ಬಿಡದವರಲ್ಲಿ ಮಾತ್ರ ಅದು ಉಳಿದಿತ್ತು.

ಇದನ್ನು ತಿಳಿಯಲು ಬ್ರಿಸ್ಟಲಿಗೆ ಹೋಗಬೇಕಿಲ್ಲ, ಬೀದರಿನ ಚೌಬಾರದ ಹತ್ತಿರ ಬಿದ್ರಿ ಕೆಲಸಗಾರರ ಮುಂದೆ ಅರ್ಧ ಗಂಟೆ ಕುಳಿತರೆ ಸಾಕು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ರಸಾಯನಶಾಸ್ತ್ರವನ್ನು ನಾನು ಒಂದು ಪಿರಿಯಡ್ಡಿನಲ್ಲಿ ಹೇಳಿಬಿಡುತ್ತೇನೆ. ಆದರೆ ಉಳಿ ಹಿಡಿದ ಕೈ ನಡುಗದಿರಲು ಎಷ್ಟು ವರ್ಷ ಬೇಕೆಂದು ಅವರನ್ನೇ ಕೇಳಿ!

ಸರಿ, ಹುಡುಗನಿಗೆ ಒಂದು ಹಳೆಯ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಕೊಟ್ಟೆ. ಎಡಕ್ಕೆ ‘ವೀಕ್ಷಣೆ’, ಬಲಕ್ಕೆ ‘ಕಾರಣ’. ಮೊದಲ ದಿನ “ಏನೂ ಇಲ್ಲ” ಎಂದು ಬರೆದಿದ್ದ. ಎರಡನೆಯ ದಿನ: “ಮೆಸ್ಸಿನಲ್ಲಿ ರೊಟ್ಟಿ ಬಿಸಿ ಇತ್ತು. ಕಾರಣ, ನಾನು ಬೇಗ ಹೋಗಿದ್ದೆ.” ಐದನೆಯ ದಿನ: “ಪಕ್ಕದ ಹುಡುಗ ಟಾರ್ಕ್ ಅಂದರೆ ಏನು ಅಂತ ನನ್ನನ್ನೇ ಕೇಳಿದ. ಕಾರಣ, ರಾತ್ರಿ ಡಿಕ್ಷನರಿ ನೋಡಿದ್ದೆ.” ಈ ಬಲಗಡೆಯ ಕಲಮನ್ನು ಗಮನಿಸಿ. ಒಳ್ಳೆಯದರಲ್ಲಿ ಒಂದಿಷ್ಟು ತನ್ನ ಕೈಯಿಂದಲೇ ಆಗಿದೆ ಎಂಬುದು ಅವನಿಗೆ ಕಾಣತೊಡಗಿತ್ತು. ಮುಂದಿನ ಪರೀಕ್ಷೆಯಲ್ಲಿ 17 ಬಂತು. ಪುಸ್ತಕದಿಂದಲೇ ಬಂತೆಂದು ನಾನು ಹೇಳಲಾರೆ; ಒಬ್ಬನನ್ನು ನೋಡಿ ನಿಯಮ ಮಾಡುವುದು ವಿಜ್ಞಾನವಲ್ಲ.

ಇದು ಎಲ್ಲದಕ್ಕೂ ಔಷಧವೆಂದೂ ತಿಳಿಯಬೇಡಿ. ಮೆಸ್ಸಿನ ಬಾಕಿ, ಬೆಳೆನಷ್ಟ, ಇಂಗ್ಲಿಷಿನ ತೊಡಕು ಇವು ಪುಸ್ತಕ ಬರೆದರೆ ಹೋಗುವುದಿಲ್ಲ. ಅದಕ್ಕೆ ಬೇರೆ ಸಹಾಯವೇ ಬೇಕು. ಇನ್ನು ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಅಥವಾ ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದು ಸೋಮಾರಿತನವಲ್ಲ, ನಾಟಕವೂ ಅಲ್ಲ. ತಡಮಾಡದೆ ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲೆಯ ಮಟ್ಟದಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮ 1996ರಲ್ಲಿ ಬಂದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯ ಮೇಲೆಯೇ. ಆದರೂ ನಮ್ಮ ಕಡೆ ‘ಜನ ಏನಂತಾರೆ’ ಎಂದು ಮುಚ್ಚಿಡುವವರೇ ಹೆಚ್ಚು.

ಪಾಲಕರಿಗೆ ಒಂದು ಚಿಕ್ಕ ಮನೆಗೆಲಸ. ಮಗು ಎದುರಾದಾಗ ಮೊದಲ ಪ್ರಶ್ನೆ “ಎಷ್ಟು ಬಿದ್ದವು?” ಎಂದಾಗಿರದಂತೆ ನೋಡಿಕೊಳ್ಳಿ. ಈ ಹುಡುಗನ ತಂದೆ ತೊಗರಿ, ಸೋಯಾ ಬೆಳೆಯುವ ರೈತ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಾರೆ, ಅಂಕ ಕೇಳುತ್ತಾರೆ, ಹೊರಡುತ್ತಾರೆ. ಅವರಿಗೂ ಇದನ್ನೇ ಹೇಳಿದೆ. “ಮತ್ತೇನು ಕೇಳ್ಬೇಕ್ರಿ ಗುರುಗಳೇ?” ಎಂದು ನಿಜವಾಗಿಯೂ ತೋಚದೆ ಕೇಳಿದರು. ಮಗನ ಪುಸ್ತಕವನ್ನು ಅವನ ಅನುಮತಿಯಿಂದ ತೋರಿಸಿದೆ. ದಸರೆಗೆ ಮೊದಲು ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಸ್ವಲ್ಪ ಸಂಕೋಚದಿಂದಲೇ ಮಗನನ್ನು ಕೇಳಿದರು: “ಮೆಸ್ಸಿನಾಗ ರೊಟ್ಟಿ ಇನ್ನೂ ಬಿಸಿ ಕೊಡ್ತಾರೇನಪ್ಪಾ?”

ಹುಡುಗ ಮಾತಿಗೆ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಅವರು ಹಿಡಿಯಬೇಕಿದ್ದ ಔರಾದ ಬಸ್ಸು ಹೋಗಿಯೇ ಹೋಯಿತು.